ಐದು ನಿಮಿಷ ಮೈಕ್ ಮುಂದೆ: ರಾಜ್ಯೋತ್ಸವಕ್ಕೆ ಮಾತಾಡಲು ಕರೆದಿದ್ದಾರಾ?

ಅಕ್ಟೋಬರ್ ಮೂರನೇ ವಾರ. ಲಿಫ್ಟ್‌ನಲ್ಲಿ ಸಿಕ್ಕ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ, "ಈ ಸಲ ರಾಜ್ಯೋತ್ಸವಕ್ಕೆ ನೀವೇ ಎರಡು ಮಾತಾಡಬೇಕು. ಜಾಸ್ತಿ ಏನಿಲ್ಲ, ಐದೇ ನಿಮಿಷ" ಅನ್ನುತ್ತಾರೆ. "ಅಯ್ಯೋ, ನಾನಾ?" ಅನ್ನುವಷ್ಟರಲ್ಲಿ ಬಾಗಿಲು ತೆರೆದು ಅವರು ಹೋಗಿರುತ್ತಾರೆ. ಸಂಜೆ ವಾಟ್ಸಾಪ್ ಗುಂಪಿಗೆ ಆಹ್ವಾನ ಪತ್ರಿಕೆ ಬರುತ್ತದೆ. ಅದರಲ್ಲಿ ನಿಮ್ಮ ಹೆಸರು. ಅಲ್ಲಿಂದ ನವೆಂಬರ್ 1ರವರೆಗೆ ಊಟ ಸೇರುವುದಿಲ್ಲ.

ಈ ಬರಹ ಅಂಥವರಿಗೆ. ನಿಮ್ಮ ಕೈಯಲ್ಲಿ ಸುಮಾರು ಹತ್ತು ದಿನ ಇದೆ ಅಂದುಕೊಂಡು ಬರೆಯುತ್ತಿದ್ದೇನೆ. ಆಫೀಸಿನ ಬೀಳ್ಕೊಡುಗೆಗೂ, ಮಕ್ಕಳ ಶಾಲೆಯ ವಾರ್ಷಿಕೋತ್ಸವಕ್ಕೂ ಇದೇ ದಾರಿ ನಡೆಯುತ್ತದೆ.

ಮೊದಲು ನನ್ನ ಕಥೆ ಹೇಳಿಬಿಡುತ್ತೇನೆ. ಪಿಯುಸಿಯಲ್ಲಿದ್ದಾಗ ಭಾಷಣ ಸ್ಪರ್ಧೆಗೆ ಹೆಸರು ಕೊಟ್ಟಿದ್ದೆ. ಚಿಕ್ಕಪ್ಪ ಮೂರು ಪುಟ ಬರೆದುಕೊಟ್ಟರು. ‘ಭವ್ಯ ಪರಂಪರೆ’, ‘ನವಚೈತನ್ಯ’, ‘ಸರ್ವತೋಮುಖ’. ನಾನು ಅಲ್ಲಿಯವರೆಗೆ ಒಮ್ಮೆಯೂ ಬಾಯಲ್ಲಿ ಆಡದ ಪದಗಳು. ವಾರವಿಡೀ ಉರು ಹೊಡೆದೆ. ವೇದಿಕೆ ಹತ್ತಿ ನಾಲ್ಕು ವಾಕ್ಯ ಹೇಳಿದೆ. ಐದನೆಯದು ಬರಲಿಲ್ಲ. ಆರನೆಯದೂ ಬರಲಿಲ್ಲ. ನೆನಪಿಗೆ ಬಂದದ್ದು ಕಟ್ಟಕಡೆಯ ಸಾಲು ಮಾತ್ರ. "ಇಷ್ಟು ಹೊತ್ತು ಶಾಂತಚಿತ್ತರಾಗಿ ನನ್ನ ಮಾತುಗಳನ್ನು ಆಲಿಸಿದ ತಮಗೆಲ್ಲರಿಗೂ ವಂದಿಸುತ್ತಾ..." ಅಂದುಬಿಟ್ಟೆ. ಆಗ ಇನ್ನೂ ಒಂದು ನಿಮಿಷವೂ ಆಗಿರಲಿಲ್ಲ. ಸಭೆ ನಕ್ಕ ನಗು ಇವತ್ತಿಗೂ ಕಿವಿಯಲ್ಲಿದೆ.

ನನಗೆ ಧೈರ್ಯ ಸಾಲದು, ಅದಕ್ಕೇ ಹಾಗಾಯಿತು ಅಂತ ಬಹಳ ವರ್ಷ ನಂಬಿದ್ದೆ. ಈಗ ಹಾಗನ್ನಿಸುವುದಿಲ್ಲ. ಅವತ್ತು ನಾನು ಉರು ಹೊಡೆದಿದ್ದು ನನ್ನ ಕನ್ನಡವೇ ಅಲ್ಲ. ತರಕಾರಿ ಅಂಗಡಿಯಲ್ಲಿ ಹತ್ತು ನಿಮಿಷ ತಡವರಿಸದೆ ಮಾತಾಡುವ ನಾವು, ಮೈಕ್ ಸಿಕ್ಕ ಕೂಡಲೇ ಬೇರೆ ಯಾರದೋ ಕನ್ನಡ ಆಡಬೇಕು ಅಂದುಕೊಳ್ಳುತ್ತೇವೆ. ಅರ್ಧ ಭಯ ಹುಟ್ಟುವುದು ಅಲ್ಲೇ. ಉಳಿದರ್ಧ ಮೈಗೆ ಸಂಬಂಧಿಸಿದ್ದು. ಅದಕ್ಕೂ ಉಪಾಯ ಇದೆ, ಮುಂದೆ ಹೇಳುತ್ತೇನೆ.

ಒಪ್ಪಿಕೊಂಡ ದಿನವೇ ಕೇಳಿ

ಕಾರ್ಯದರ್ಶಿಗೆ ಫೋನ್ ಮಾಡಿ. ನಿಜವಾಗಿ ಎಷ್ಟು ನಿಮಿಷ? ನನಗಿಂತ ಮುಂಚೆ ಯಾರು, ನಂತರ ಏನು? ಮಕ್ಕಳು ಜಾಸ್ತಿ ಇರುತ್ತಾರಾ? ಮೈಕ್ ಕೈಯಲ್ಲಿ ಹಿಡಿಯುವುದಾ, ಸ್ಟ್ಯಾಂಡ್ ಇದೆಯಾ?

ಕೊನೆಯ ಪ್ರಶ್ನೆ ಸಣ್ಣದು ಅನ್ನಿಸಬಹುದು. ಆದರೆ ಒಂದು ಕೈಗೆ ಮೈಕ್ ಬಂದರೆ ಚೀಟಿಗೆ ಉಳಿಯುವುದು ಇನ್ನೊಂದೇ ಕೈ. ಆ ಕೈ ನಡುಗಿದರೆ ತೆಳ್ಳನೆಯ ಹಾಳೆ ಪಟಪಟ ಅನ್ನುತ್ತದೆ. ಮೈಕ್ ಆ ಸದ್ದನ್ನೂ ಊರಿಗೆಲ್ಲ ಕೇಳಿಸುತ್ತದೆ. ಅದಕ್ಕೇ ನಾನು ಹಳೆ ಮದುವೆ ಕಾರ್ಡಿನ ಖಾಲಿ ಬದಿಯಲ್ಲಿ ಬರೆದುಕೊಳ್ಳುತ್ತೇನೆ. ರಟ್ಟು ಗಟ್ಟಿ, ನಡುಗಿದರೂ ಕಾಣುವುದಿಲ್ಲ.

ಊಟಕ್ಕೆ ಮುಂಚಿನ ಕೊನೆಯ ಭಾಷಣ ನಿಮ್ಮದಾದರೆ, ಐದು ನಿಮಿಷ ಅಂದದ್ದನ್ನು ಮೂರು ಅಂತ ತಿಳಿಯಿರಿ.

ಒಂದೇ ವಿಷಯ ಆರಿಸಿ

ರಾಜ್ಯೋತ್ಸವ ಅಂದ ಕೂಡಲೇ ಕದಂಬರಿಂದ ಶುರು ಮಾಡಿ ಜ್ಞಾನಪೀಠದವರೆಗೆ ಓಡುವ ಚಪಲ ಎಲ್ಲರಿಗೂ ಇರುತ್ತದೆ. ಲೆಕ್ಕ ಹಾಕಿ ನೋಡಿ. ಎರಡು ಸಾವಿರ ವರ್ಷದ ಕಥೆಯನ್ನು ಐದು ನಿಮಿಷಕ್ಕೆ ಹಂಚಿದರೆ ನಿಮಿಷಕ್ಕೆ 400 ವರ್ಷ. ಹೊಯ್ಸಳರಿಗೆ ಸಿಗುವುದು ಅರ್ಧ ನಿಮಿಷವೋ ಮುಕ್ಕಾಲು ನಿಮಿಷವೋ.

ಅದರ ಬದಲು ಒಂದೇ ದಿನ ಹಿಡಿದುಕೊಳ್ಳಿ. 1956ರ ಅಕ್ಟೋಬರ್ 31. ಅವತ್ತು ಧಾರವಾಡ ಬಾಂಬೆ ರಾಜ್ಯದಲ್ಲಿತ್ತು. ಮಂಗಳೂರು ಮದ್ರಾಸ್ ರಾಜ್ಯದಲ್ಲಿ, ಕಲಬುರಗಿ ಹೈದರಾಬಾದ್ ರಾಜ್ಯದಲ್ಲಿ. ಕೊಡಗು ತಾನೇ ಒಂದು ರಾಜ್ಯ. ಬಳ್ಳಾರಿ ಮಾತ್ರ 1953ರಲ್ಲೇ ಮೈಸೂರಿಗೆ ಸೇರಿತ್ತು. ಮರುದಿನ ಬೆಳಗಾಗುವಷ್ಟರಲ್ಲಿ ಎಲ್ಲವೂ ಒಂದೇ ರಾಜ್ಯ. ಅದರ ಹೆಸರು ಇನ್ನೂ ಮೈಸೂರು. ‘ಕರ್ನಾಟಕ’ ಅನ್ನುವ ಹೆಸರು ಬಂದದ್ದು 17 ವರ್ಷದ ಮೇಲೆ, 1973ರ ನವೆಂಬರ್ 1ಕ್ಕೆ.

ಇದನ್ನು ಪಾಠದ ಹಾಗೆ ಒಪ್ಪಿಸಿದರೆ ಎದುರಿನವರು ಆಕಳಿಸುತ್ತಾರೆ. ನಿಮ್ಮ ಕಟ್ಟಡಕ್ಕೆ ತಂದು ಹೇಳಿ. "ನಮ್ಮ ಬಿ ಬ್ಲಾಕಿನ ಮೂರನೇ ಮಹಡಿ ನೋಡಿ. ಒಂದು ಮನೆಯವರು ಧಾರವಾಡದವರು, ಎದುರು ಮನೆಯವರು ಮಂಗಳೂರಿನವರು, ಪಕ್ಕದವರು ಕಲಬುರಗಿಯವರು. ಇವರ ಅಜ್ಜಂದಿರು 1956ರ ಅಕ್ಟೋಬರಿನಲ್ಲಿ ಮೂರು ಬೇರೆ ಬೇರೆ ರಾಜ್ಯದವರು. ಈಗ ಇವರಿಗೆ ಗಡಿ ತಕರಾರು ಇರುವುದು ಪಾರ್ಕಿಂಗ್ ಜಾಗದಲ್ಲಿ ಮಾತ್ರ." ಜನ ನಗುತ್ತಾರೆ. ನಕ್ಕವರು ಮುಂದಿನ ಎರಡು ನಿಮಿಷ ಕೇಳುತ್ತಾರೆ, ಯಾಕೆಂದರೆ ಕಥೆ ಅವರದ್ದೇ ಆಯಿತು. (ಆ ಮನೆಯವರಿಗೆ ಮೊದಲೇ ಒಂದು ಮಾತು ಹೇಳಿಡಿ. ಪಾರ್ಕಿಂಗ್ ವಿಷಯ ಎಲ್ಲ ಕಡೆ ತಮಾಷೆಯಲ್ಲ.)

ವಿಷಯ ಗಟ್ಟಿಯಾಗಿದೆಯಾ ಅಂತ ನೋಡಲು ಸುಲಭದ ದಾರಿ ಒಂದಿದೆ. ಕಾರ್ಯಕ್ರಮಕ್ಕೆ ಬಾರದ ಅತ್ತೆ ಮನೆಯಲ್ಲಿ, "ಅವರು ಏನು ಹೇಳಿದರು?" ಅಂತ ಕೇಳಿದರೆ ಸೊಸೆ ಒಂದೇ ವಾಕ್ಯದಲ್ಲಿ ಉತ್ತರ ಕೊಡುವಂತಿರಬೇಕು. "ನಮ್ಮ ತಾತಂದಿರೆಲ್ಲ ಬೇರೆ ಬೇರೆ ರಾಜ್ಯದವರಾಗಿದ್ದರಂತೆ." ಆ ವಾಕ್ಯ ನಿಮಗೇ ಹೊಳೆಯದಿದ್ದರೆ ಮಾತು ಇನ್ನೂ ಸಿದ್ಧವಾಗಿಲ್ಲ.

ಪೂರ್ತಿ ಬರೆಯಬೇಡಿ, ಗೂಟ ಹೊಡೆಯಿರಿ

ಕರಾವಳಿ, ಮಲೆನಾಡಿನವರಿಗೆ ತಾಳಮದ್ದಳೆ ಗೊತ್ತು. ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ್ಯ ಹಾಡುತ್ತಾರೆ. ಅರ್ಥಧಾರಿ ಕೂತಲ್ಲೇ ಅದಕ್ಕೆ ಅರ್ಥ ಹೇಳುತ್ತಾರೆ, ಎದುರಿನ ಪಾತ್ರದ ಜೊತೆ ವಾದಕ್ಕೆ ಇಳಿಯುತ್ತಾರೆ. ಬರೆದಿಟ್ಟ ಸಂಭಾಷಣೆ ಇರುವುದಿಲ್ಲ. ಶೇಣಿ ಗೋಪಾಲಕೃಷ್ಣ ಭಟ್ಟರು ಹೀಗೆ ಮಾತಾಡಿಯೇ ದೊಡ್ಡ ಹೆಸರಾದವರು. ಹಾಗಂತ ಅದು ಗಾಳಿಯಲ್ಲಿ ಕಟ್ಟಿದ ಮಾತಲ್ಲ. ಪ್ರಸಂಗದ ಪದ್ಯಗಳು ಗಟ್ಟಿ. ಕಥೆ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವುದು ಗಟ್ಟಿ. ಮಾತು ಮಾತ್ರ ಆ ಹೊತ್ತಿನದು.

ಅವರ ವಿದ್ವತ್ತು ನಮಗಿಲ್ಲ, ಸರಿ. ಅವರ ಉಪಾಯ ಬಳಸಲು ಅಡ್ಡಿಯೇನಿಲ್ಲವಲ್ಲ. ಐದು ನಿಮಿಷಕ್ಕೆ ನಾಲ್ಕೈದು ಗೂಟ ಸಾಕು. ನನ್ನ ಕಾರ್ಡ್ ಹೀಗಿರುತ್ತದೆ:

ಬಿ ಬ್ಲಾಕ್, 3ನೇ ಮಹಡಿ
ಅ. 31, 1956 – ಬಾಂಬೆ, ಮದ್ರಾಸ್, ಹೈದರಾಬಾದ್, ಕೊಡಗು
ಅಪ್ಪನ ಸರ್ಟಿಫಿಕೇಟ್ – ‘ಮೈಸೂರು ರಾಜ್ಯ’
1973 – ಹೆಸರು
ಕೊನೆ ವಾಕ್ಯ

ಇಷ್ಟೇ. ದೊಡ್ಡ ಅಕ್ಷರ, ಸಾಲಿಗೆ ನಾಲ್ಕೈದು ಪದ. ಪದಕ್ಕೆ ಪದ ಬರೆಯಬೇಕಾದ್ದು ಎರಡೇ ವಾಕ್ಯ: ಮೊದಲನೆಯದು, ಕೊನೆಯದು. ಮೊದಲನೆಯದು ಯಾಕೆಂದರೆ ಭಯ ಅಲ್ಲೇ ಜಾಸ್ತಿ. ಕೊನೆಯದು ಯಾಕೆಂದರೆ ಅದು ಗೊತ್ತಿಲ್ಲದವರು ನಿಲ್ಲಿಸಲು ಜಾಗ ಸಿಗದೆ ಸುತ್ತುತ್ತಲೇ ಇರುತ್ತಾರೆ. "ಕೊನೆಯದಾಗಿ ಒಂದು ಮಾತು" ಅಂತ ಮೂರು ಸಲ ಹೇಳಿದವರನ್ನು ನೀವೂ ನೋಡಿದ್ದೀರಿ, ಅಲ್ವಾ?

ಬಾಯಿಪಾಠ ಯಾಕೆ ಬೇಡ? ಬಾಯಿಪಾಠ ಸರಪಳಿಯ ಹಾಗೆ. ಒಂದು ಕೊಂಡಿ ಕಳಚಿದರೆ ಮುಂದಿನದೆಲ್ಲ ಕೈಬಿಡುತ್ತದೆ. ಗೂಟಗಳು ಬಿಡಿಬಿಡಿಯಾಗಿ ನಿಂತಿರುತ್ತವೆ. ಎರಡನೆಯದು ಮರೆತರೂ ಮೂರನೆಯದು ಅಲ್ಲೇ ಇರುತ್ತದೆ.

ಇನ್ನು ಉದ್ದದ ಲೆಕ್ಕ. ನಿಮಿಷಕ್ಕೆ 130 ಪದ, 150 ಪದ ಅಂತ ಎಲ್ಲೆಲ್ಲೋ ಓದಿರುತ್ತೀರಿ. ಅದು ಇಂಗ್ಲಿಷಿನ ಲೆಕ್ಕ. ನಮ್ಮಲ್ಲಿ ‘ಬರಲಾಗುವುದಿಲ್ಲವೆಂದು’ ಅನ್ನುವುದು ಒಂದೇ ಪದ. ನಾನು ನಿಧಾನವಾಗಿ ಮಾತಾಡಿದರೆ ನಿಮಿಷಕ್ಕೆ 80–90 ಪದ ದಾಟುವುದಿಲ್ಲ. ನಿಮ್ಮದು ಎಷ್ಟು ಅಂತ ಫೋನಿನ ಗಡಿಯಾರ ಇಟ್ಟುಕೊಂಡು ಒಮ್ಮೆ ನೋಡಿ.

ಯಾವ ಕನ್ನಡ?

ಮನೆಯ ಕನ್ನಡವೇ, ಸ್ವಲ್ಪ ತಲೆ ಬಾಚಿಕೊಂಡು ಬಂದ ಹಾಗೆ. ‘ವೇದಿಕೆಯ ಮೇಲೆ ಆಸೀನರಾಗಿರುವ ಗಣ್ಯಾತಿಗಣ್ಯರೇ’ ಬೇಡ. ‘ವೇದಿಕೆಯ ಮೇಲಿರುವ ಹಿರಿಯರೇ’ ಸಾಕು. ಹುಬ್ಬಳ್ಳಿಯವರು ಹುಬ್ಬಳ್ಳಿಯ ರಾಗದಲ್ಲಿ, ಕುಂದಾಪುರದವರು ಕುಂದಾಪುರದ ರಾಗದಲ್ಲಿ ಮಾತಾಡಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ರಾಜ್ಯೋತ್ಸವದ ದಿನವಂತೂ ಅದೇ ಚಂದ.

ಅಕಾರ–ಹಕಾರದ ಭಯ ಬಹಳ ಜನರಿಗಿದೆ. ‘ಆದರದ ಸ್ವಾಗತ’ ಅನ್ನಲು ಹೋಗಿ ‘ಹಾದರದ ಸ್ವಾಗತ’ ಅಂದ ತಮಾಷೆ ಎಲ್ಲರೂ ಕೇಳಿದ್ದೇ. ಬಾಯಲ್ಲಿ ಹಕಾರ ಸರಿಯಾಗಿ ನಿಲ್ಲದಿದ್ದರೆ ಹತ್ತು ದಿನದಲ್ಲಿ ಅದನ್ನು ತಿದ್ದಲು ಹೋಗಬೇಡಿ. ತಿದ್ದಲು ಹೊರಟವರೇ ಇಲ್ಲದ ಕಡೆ ಹಕಾರ ಹಾಕುವುದು. ಪದವನ್ನೇ ಬದಲಿಸಿ. ‘ಪ್ರೀತಿಯ ಸ್ವಾಗತ’ ಅಂದರೆ ಮುಗಿಯಿತು. ನಾಲಿಗೆ ತೊಡರುವ ಪ್ರತಿ ಪದಕ್ಕೂ ಇದೇ ಮದ್ದು. ‘ಸಾಂಸ್ಕೃತಿಕ ವೈವಿಧ್ಯ’ ಮೂರು ಸಲ ಹೇಳಿದರೂ ತೊಡರುತ್ತಿದೆಯಾ? ‘ಊಟ, ಉಡುಗೆ, ಹಾಡು ಎಲ್ಲ ಬೇರೆ ಬೇರೆ’ ಅನ್ನಿ. ಮೇಲಾಗಿ ಅದು ಕಣ್ಣಿಗೂ ಕಟ್ಟುತ್ತದೆ.

ಮೈ ಯಾಕೆ ಹೀಗೆ ಆಡುತ್ತದೆ

ಅಪಾಯ ಬಂತು ಅಂತ ಮೆದುಳಿಗೆ ಅನ್ನಿಸಿದರೆ ಮೂತ್ರಪಿಂಡದ ಮೇಲೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಅಡ್ರಿನಲಿನ್ ಹರಿಸುತ್ತವೆ. ಎದೆ ಜೋರಾಗಿ ಬಡಿಯುತ್ತದೆ. ರಕ್ತ ದೊಡ್ಡ ಸ್ನಾಯುಗಳ ಕಡೆ ಹರಿಯುತ್ತದೆ, ಬೆರಳು ತಣ್ಣಗಾಗುತ್ತವೆ. ಜೊಲ್ಲು ಕಡಿಮೆಯಾಗಿ ಬಾಯಿ ಒಣಗುತ್ತದೆ. ಜೀರ್ಣದ ಕೆಲಸ ನಿಧಾನವಾಗಿ ಹೊಟ್ಟೆಯಲ್ಲಿ ಒಂಥರಾ ಆಗುತ್ತದೆ. ಓಡಲೋ ಹೊಡೆದಾಡಲೋ ಮೈ ಮಾಡಿಕೊಂಡ ಸಿದ್ಧತೆ ಇದು. ಎದುರಿಗೆ ಚಿರತೆ ಇಲ್ಲ, ಇನ್ನೂರು ಕಣ್ಣು ಇವೆ ಅಷ್ಟೇ. ಮೈಗೆ ಎರಡೂ ಒಂದೇ.

ಇದು ಹೇಡಿಗಳಿಗೆ ಮಾತ್ರ ಆಗುತ್ತದೆ ಅಂದುಕೊಂಡರೆ ಗಾಂಧೀಜಿಯನ್ನು ನೆನೆಯಿರಿ. ಇಂಗ್ಲೆಂಡಿನಲ್ಲಿ ಓದುತ್ತಿದ್ದಾಗ ವೆಂಟ್ನರ್ ಅನ್ನುವ ಊರಲ್ಲಿ ಸಸ್ಯಾಹಾರಿಗಳ ಸಭೆಗೆ ಅವರು ಒಂದು ಹಾಳೆ ಬರೆದುಕೊಂಡು ಹೋಗಿದ್ದರು. ಎದ್ದು ನಿಂತರೆ ಕಣ್ಣು ಮಂಜಾಯಿತು, ಮೈ ನಡುಗಿತು. ಜೊತೆಗಿದ್ದ ಗೆಳೆಯ ಅದನ್ನು ಓದಬೇಕಾಯಿತು. 1891ರಲ್ಲಿ ಊರಿಗೆ ಹೊರಡುವ ಮುನ್ನ ತಾವೇ ಕೊಟ್ಟ ಔತಣದಲ್ಲಿ ತಮಾಷೆಯಾಗಿ ಮಾತಾಡಲು ಹೊರಟು, ಮೊದಲ ವಾಕ್ಯದ ಆಚೆ ಹೋಗಲಾಗದೆ, ಬಂದವರಿಗೆ ಧನ್ಯವಾದ ಹೇಳಿ ಕೂತುಬಿಟ್ಟರು. ಇದನ್ನೆಲ್ಲ ಅವರೇ ಬರೆದುಕೊಂಡಿದ್ದಾರೆ. 1924ರಲ್ಲಿ ನಮ್ಮ ಬೆಳಗಾವಿಯ ಕಾಂಗ್ರೆಸ್ ಅಧಿವೇಶನಕ್ಕೆ ಅಧ್ಯಕ್ಷರಾಗಿದ್ದದ್ದು ಇದೇ ಮನುಷ್ಯ.

ಮೈಯನ್ನು ಸ್ವಲ್ಪ ಹತೋಟಿಗೆ ತರುವ ದಾರಿ ಉಸಿರು. ಉಸಿರು ಬಿಡುವಾಗ ಎದೆಬಡಿತ ಸ್ವಲ್ಪ ನಿಧಾನವಾಗುತ್ತದೆ. ಅದಕ್ಕೇ ನಾಲ್ಕು ಎಣಿಸುತ್ತಾ ತೆಗೆದುಕೊಂಡು, ಆರು ಎಣಿಸುತ್ತಾ ಬಿಡಿ. ಕುರ್ಚಿಯಲ್ಲಿ ಕೂತೇ ಹತ್ತು ಸಲ ಮಾಡಿ. ಪಕ್ಕದವರಿಗೆ ಗೊತ್ತೂ ಆಗುವುದಿಲ್ಲ.

ಇನ್ನೊಂದು ಉಪಾಯ ಕೇಳಲು ಪೆದ್ದುತನ ಅನ್ನಿಸುತ್ತದೆ. ಹಾರ್ವರ್ಡ್‌ನ ಆಲಿಸನ್ ವುಡ್ ಬ್ರೂಕ್ಸ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಭಾಷಣಕ್ಕೆ ಮುಂಚೆ "ನಾನು ಶಾಂತವಾಗಿದ್ದೇನೆ" ಅಂದುಕೊಂಡವರಿಗಿಂತ "ನನಗೆ ಹುರುಪು ಬಂದಿದೆ" ಅಂದುಕೊಂಡವರು ಚೆನ್ನಾಗಿ ಮಾತಾಡಿದರು. ಯೋಚಿಸಿದರೆ ಇದರಲ್ಲಿ ಅರ್ಥವಿದೆ. ಓಡುವ ಎದೆಯನ್ನು ನಿಲ್ಲಿಸುವುದು ಕಷ್ಟ. ಅದು ಯಾಕೆ ಓಡುತ್ತಿದೆ ಅನ್ನುವ ಕಾರಣವನ್ನು ಬದಲಿಸಿಕೊಳ್ಳಬಹುದು. ಕ್ರಿಕೆಟ್ ಮ್ಯಾಚಿನ ಕೊನೆಯ ಓವರಿನಲ್ಲೂ ಎದೆ ಹೀಗೇ ಬಡಿಯುತ್ತದೆ. ಆಗ ಅದನ್ನು ಭಯ ಅನ್ನುವುದಿಲ್ಲವಲ್ಲ.

ಅಭ್ಯಾಸ: ಎದ್ದು ನಿಂತು, ಗಟ್ಟಿಯಾಗಿ

ಮನಸ್ಸಿನಲ್ಲೇ ಓದಿಕೊಳ್ಳುವುದು ಅಭ್ಯಾಸವಲ್ಲ. ನಾಲಿಗೆಗೆ ಆ ಮಾತು ಒಮ್ಮೆಯಾದರೂ ತಾಗಿರಬೇಕು. ಬಾಗಿಲು ಹಾಕಿಕೊಂಡು, ಎದ್ದು ನಿಂತು, ಕಾರ್ಡ್ ಹಿಡಿದು, ಹಿಂದಿನ ಸಾಲಿಗೆ ಕೇಳುವಷ್ಟು ಗಟ್ಟಿಯಾಗಿ ಹೇಳಿ. ದಿನಕ್ಕೆ ಎರಡು ಸಲ ಸಾಕು. ಪ್ರತಿ ಸಲ ಮಾತು ಬೇರೆ ಬೇರೆಯಾಗಿ ಬರುತ್ತದೆ. ಬರಲಿ, ಅದೇ ಬೇಕಾಗಿರುವುದು.

ಮೂರನೇ ದಿನ ಫೋನಿನಲ್ಲಿ ವಿಡಿಯೊ ಮಾಡಿ. ನೋಡಲು ಮುಜುಗರ ಆಗುತ್ತದೆ, ನೋಡಲೇಬೇಕು. ಎರಡು ಸಂಗತಿ ಗೊತ್ತಾಗುತ್ತವೆ. ಮೊದಲನೆಯದು, ‘ಏನಪ್ಪಾ ಅಂದ್ರೆ’, ‘ಆಯ್ತಾ’, ‘ಆ... ಆ...’ ಎಷ್ಟು ಸಲ ಬಂತು ಅನ್ನುವುದು. ನನ್ನದು ‘ಆಮೇಲೆ ಇನ್ನೊಂದು ವಿಷಯ’. ಐದು ನಿಮಿಷದಲ್ಲಿ ಒಂಬತ್ತು ಸಲ! ಅದನ್ನು ತಡೆಯಲು ಇರುವ ದಾರಿ ಆ ಜಾಗದಲ್ಲಿ ಸುಮ್ನೆ ಇರುವುದು. ನಿಮಗೆ ಒಂದು ಯುಗ ಅನ್ನಿಸುವ ಮೌನ ಕೇಳುವವರಿಗೆ ಒಂದು ಉಸಿರು.

ಎರಡನೆಯ ಸಂಗತಿ ಸಮಾಧಾನದ್ದು. ನೀವು ಅಂದುಕೊಂಡಷ್ಟು ನಡುಕ ವಿಡಿಯೊದಲ್ಲಿ ಕಾಣುವುದಿಲ್ಲ. ಮನಶ್ಶಾಸ್ತ್ರಜ್ಞರಾದ ಕೆನೆತ್ ಸವಿಟ್ಸ್ಕಿ ಮತ್ತು ಥಾಮಸ್ ಗಿಲೊವಿಚ್ 2003ರಲ್ಲಿ ಇದನ್ನೇ ತೋರಿಸಿದರು. ಒಳಗಿನ ಪುಕ್ಕಲು ಹೊರಗೆ ಎದ್ದು ಕಾಣುತ್ತಿದೆ ಅಂತ ಮಾತಾಡುವವರು ನಂಬಿರುತ್ತಾರೆ. ನೋಡುವವರಿಗೆ ಅದು ಅಷ್ಟು ಕಾಣುವುದಿಲ್ಲ. ಈ ವಿಷಯವನ್ನು ಮೊದಲೇ ತಿಳಿಸಿದ ವಿದ್ಯಾರ್ಥಿಗಳು ಉಳಿದವರಿಗಿಂತ ಚೆನ್ನಾಗಿ ಮಾತಾಡಿದರು. ಈಗ ನಿಮಗೂ ತಿಳಿಯಿತು.

ಕೊನೆಯ ಎರಡು ದಿನ ಮನೆಯವರ ಮುಂದೆ ಹೇಳಿ. ಮಕ್ಕಳಿದ್ದರೆ ಒಳ್ಳೆಯದು, ಬೇಸರವಾದರೆ ಮುಲಾಜಿಲ್ಲದೆ ಎದ್ದು ಹೋಗುತ್ತಾರೆ. ಎಲ್ಲಿ ಎದ್ದರು ಅಂತ ಗುರುತು ಹಾಕಿಕೊಳ್ಳಿ.

ಆ ದಿನ

ಅರ್ಧ ಗಂಟೆ ಮುಂಚೆ ಹೋಗಿ. ಖಾಲಿ ವೇದಿಕೆ ಹತ್ತಿ ಒಮ್ಮೆ ನಿಲ್ಲಿ, ಮೈಕಿನಲ್ಲಿ ನಿಮ್ಮ ಮೊದಲ ವಾಕ್ಯ ಹೇಳಿ ನೋಡಿ. ‘ಹಲೋ ಹಲೋ’ ಸಾಕಾಗುವುದಿಲ್ಲ, ಮೈಕನ್ನು ಊದುವುದು, ತಟ್ಟುವುದು ಬೇಡವೇ ಬೇಡ. ಬಾಯಿಗೂ ಮೈಕಿಗೂ ನಾಲ್ಕು ಬೆರಳಿನ ಅಂತರ, ಸ್ವಲ್ಪ ಕೆಳಗೆ. ಮೈಕಿನ ತಲೆಯನ್ನು ಮುಷ್ಟಿಯಲ್ಲಿ ಮುಚ್ಚಬೇಡಿ. ಸ್ಪೀಕರ್ ಡಬ್ಬದ ಮುಂದೆ ಹೋಗಬೇಡಿ. ಕುಂಯ್ ಅನ್ನುವ ಸದ್ದು ಬರುವುದು ಸ್ಪೀಕರಿನ ಸದ್ದು ಮತ್ತೆ ಮೈಕಿಗೆ ಹೋದಾಗ.

ಹೋಳಿಗೆ ಊಟ ಭಾಷಣ ಆದ ಮೇಲೆ. ಮುಂಚೆ ಹಗುರವಾಗಿ ಏನಾದರೂ ತಿನ್ನಿ. ಭಯ ಇರುವವರು ಎರಡನೇ ಕಾಫಿ ಬಿಡಿ, ಎದೆಬಡಿತಕ್ಕೆ ಅದರ ಸಹಾಯ ಬೇಕಿಲ್ಲ. ನೀರಿನ ಬಾಟಲಿ ಜೊತೆಗಿರಲಿ.

ಹೆಸರು ಕರೆದರು. ನಡೆದು ಹೋಗಿ ನಿಲ್ಲಿ. ಎರಡು ಪಾದವೂ ನೆಲಕ್ಕೆ ಸರಿಯಾಗಿ ಊರಲಿ. ಕೂಡಲೇ ಶುರು ಮಾಡಬೇಡಿ. ಒಂದು ಉಸಿರು ಬಿಟ್ಟು, ಎದುರಿನ ಪರಿಚಯದ ಮುಖವೊಂದನ್ನು ನೋಡಿ. ಎಡಕ್ಕೊಬ್ಬರು, ಮಧ್ಯಕ್ಕೊಬ್ಬರು, ಬಲಕ್ಕೊಬ್ಬರು ಅಂತ ಮೂರು ಮುಖ ಆರಿಸಿಟ್ಟುಕೊಂಡಿರಿ. ಒಂದು ವಾಕ್ಯ ಪೂರ್ತಿ ಒಬ್ಬರಿಗೆ ಹೇಳಿ, ಮುಂದಿನದು ಇನ್ನೊಬ್ಬರಿಗೆ. ಆಗ ನೂರು ಜನರಿಗೆ ಭಾಷಣ ಮಾಡುವ ಕೆಲಸ ತಪ್ಪಿ, ಮೂವರ ಜೊತೆ ಮಾತಾಡುವ ಕೆಲಸ ಉಳಿಯುತ್ತದೆ.

ಸಂಬೋಧನೆ ಚುಟುಕಾಗಿರಲಿ. ನಿಮಗಿಂತ ಮುಂಚೆ ಮಾತಾಡಿದ ನಾಲ್ವರೂ ವೇದಿಕೆಯ ಎಲ್ಲರ ಹೆಸರು ಹೇಳಿರುತ್ತಾರೆ. ಹೆಸರು ಹೇಳಲೇಬೇಕಾದರೆ ಕಾರ್ಡಿನ ಮೇಲ್ತುದಿಯಲ್ಲಿ ಬರೆದುಕೊಳ್ಳಿ. ಎಂಟು ವರ್ಷದಿಂದ ಪಕ್ಕದ ಮನೆಯಲ್ಲಿರುವವರ ಹೆಸರೂ ಆ ಹೊತ್ತಿಗೆ ಮರೆಯುತ್ತದೆ. ವಂದನಾರ್ಪಣೆ ಒಪ್ಪಿಕೊಂಡವರಿಗಂತೂ ಇದು ಕಡ್ಡಾಯ. ಶಾಮಿಯಾನದವರನ್ನು, ಅಡುಗೆಯವರನ್ನು ಬಿಟ್ಟರೆ ವರ್ಷವಿಡೀ ಕೇಳಬೇಕಾಗುತ್ತದೆ.

ತಲೆ ಖಾಲಿಯಾದರೆ, ಚೀಟಿ ಬಂದರೆ

ಮಧ್ಯದಲ್ಲಿ ಎಲ್ಲ ಮರೆತುಹೋಯಿತು. ನಿಲ್ಲಿಸಿ. ನೀರು ಕುಡಿಯಿರಿ, ಅಷ್ಟರಲ್ಲಿ ಕಾರ್ಡ್ ನೋಡಿ. ಈಗ ತಾನೇ ಹೇಳಿದ ವಾಕ್ಯವನ್ನೇ ಇನ್ನೊಮ್ಮೆ ನಿಧಾನವಾಗಿ ಹೇಳಿ, ಅದು ಒತ್ತು ಕೊಟ್ಟ ಹಾಗೆ ಕೇಳಿಸುತ್ತದೆ. ಆಗಲೂ ಬರದಿದ್ದರೆ ಮುಂದಿನ ಗೂಟಕ್ಕೆ ಹಾರಿ. ನೀವು ಏನು ಹೇಳಬೇಕಿತ್ತು ಅನ್ನುವುದು ನಿಮಗೆ ಮಾತ್ರ ಗೊತ್ತು. ಬಿಟ್ಟದ್ದಕ್ಕೆ ಕ್ಷಮೆ ಕೇಳಲು ಹೋಗಬೇಡಿ.

ನಮ್ಮ ಸಭೆಗಳಲ್ಲಿ ಇನ್ನೊಂದು ಗಂಡಾಂತರವಿದೆ. ಮುಂಚೆ ಮಾತಾಡಿದವರು ಇಪ್ಪತ್ತು ನಿಮಿಷ ನುಂಗಿರುತ್ತಾರೆ. ನೀವು ಮೈಕ್ ಹಿಡಿದಾಗ ನಿರೂಪಕರು ಚೀಟಿ ಸರಿಸುತ್ತಾರೆ: ‘2 ನಿಮಿಷ’. ಐದು ನಿಮಿಷದ್ದನ್ನು ಗಡಿಬಿಡಿಯಲ್ಲಿ ಹೇಳಬೇಡಿ. ಮೊದಲ ವಾಕ್ಯ, ಒಂದೇ ಒಂದು ಗೂಟ, ಕೊನೆಯ ವಾಕ್ಯ. ಈ ಚಿಕ್ಕ ಆವೃತ್ತಿಯನ್ನೂ ಮನೆಯಲ್ಲಿ ಒಮ್ಮೆ ಹೇಳಿ ನೋಡಿರಿ. ಬೇಗ ಮುಗಿಸಿದವರಿಗೆ ಬೀಳುವ ಚಪ್ಪಾಳೆ ಯಾವಾಗಲೂ ಜಾಸ್ತಿ.

ಭಯ ಇಷ್ಟಕ್ಕೂ ಬಗ್ಗದಿದ್ದರೆ

ಕೆಲವರಿಗೆ ಭಾಷಣ ಮಾತ್ರ ಅಲ್ಲ, ಮೀಟಿಂಗಿನಲ್ಲಿ ಹೆಸರು ಹೇಳುವುದೂ ಕಷ್ಟ. ಅದಕ್ಕಾಗಿ ಬಡ್ತಿ ಬಿಟ್ಟವರಿದ್ದಾರೆ, ಮದುವೆಮನೆಗೆ ಹೋಗುವುದನ್ನು ಬಿಟ್ಟವರಿದ್ದಾರೆ. ಆ ಮಟ್ಟದ ಭಯಕ್ಕೆ ಮನೋವೈದ್ಯರ ಬಳಿ ಚಿಕಿತ್ಸೆ ಇದೆ. ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತಾಡಬಹುದು. ಭಾಷಣಕ್ಕೆ ಮುಂಚೆ ನುಂಗುವ ಎದೆಬಡಿತದ ಮಾತ್ರೆ, ಪ್ರೊಪ್ರನೊಲಾಲ್, ಗೆಳೆಯರು ಕೊಟ್ಟರು ಅಂತ ತೆಗೆದುಕೊಳ್ಳಬೇಡಿ. ಆಸ್ತಮಾ ಇದ್ದವರಿಗೆ ಅದು ಅಪಾಯ. ವೈದ್ಯರು ಹೇಳಿದರೆ ಮಾತ್ರ.

ಇಳಿದು ಬಂದ ಮೇಲೆ

ಕುರ್ಚಿಗೆ ಬಂದು ಕೂತ ಮೇಲೆ ಕಾಲು ನಡುಗಬಹುದು. ಅಡ್ರಿನಲಿನ್ ಇನ್ನೂ ಪೂರ್ತಿ ಇಳಿದಿರುವುದಿಲ್ಲ. ಪಕ್ಕದವರನ್ನು "ಹೇಗಿತ್ತು?" ಅಂತ ಆಗಲೇ ಕೇಳಬೇಡಿ, "ಚೆನ್ನಾಗಿತ್ತು" ಅನ್ನದೆ ಅವರಿಗೆ ದಾರಿಯಿಲ್ಲ. ಅದೇ ಕಾರ್ಡಿನ ಮೇಲೆ, ನಕ್ಕ ಜಾಗಕ್ಕೆ ಒಂದು ಗೆರೆ, ಜನ ಫೋನ್ ತೆಗೆದ ಜಾಗಕ್ಕೆ ಒಂದು ಸೊನ್ನೆ ಹಾಕಿಡಿ.

ಆಮೇಲೆ ಬೇಗ ಇನ್ನೊಂದು ಅವಕಾಶ ಹುಡುಕಿ, ವರ್ಷ ಬಿಟ್ಟರೆ ಮತ್ತೆ ಮೊದಲಿನಿಂದ ಶುರು. ಭಾಷಣ ಅಭ್ಯಾಸ ಮಾಡುವವರ ಟೋಸ್ಟ್‌ಮಾಸ್ಟರ್ಸ್ ಕ್ಲಬ್‌ಗಳು ಬೆಂಗಳೂರಿನಲ್ಲಿ ಬಹಳ ಇವೆ. ಗಾಂಧೀಜಿ ಬೆಳಗಾವಿಗೆ ಬಂದ ಅದೇ 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದ ಕೂಟ ಇದು. ಅಲ್ಲಿ ನಿಮ್ಮ ‘ಆ... ಊಂ...’ ಎಣಿಸಲೆಂದೇ ಒಬ್ಬರು ಕೂತಿರುತ್ತಾರೆ. ಅದು ದೂರ ಅನ್ನಿಸಿದರೆ, ಮುಂದಿನ ಕಾರ್ಯಕ್ರಮಕ್ಕೆ ಸ್ವಾಗತ ಭಾಷಣ ನೀವೇ ಕೇಳಿ ತೆಗೆದುಕೊಳ್ಳಿ. ಎರಡೇ ನಿಮಿಷದ ಕೆಲಸ. ಲಿಫ್ಟಿನಲ್ಲಿ ಕಾರ್ಯದರ್ಶಿ ಸಿಗುವವರೆಗೆ ಕಾಯಬೇಡಿ, ಈ ಸಲ ನೀವೇ ಹಿಡಿದುಕೊಳ್ಳಿ.